ಕಣ್ಣಿಗೂ ಕಿವಿಗೂ ಒಂದೇ ಎಚ್ಚರಿಕೆ

ಮನೆಯ ಮೇಲಿನ ತೊಟ್ಟಿ ತುಂಬಿ ನೀರು ಹರಿದುಹೋಗುವುದನ್ನು ನೀವು ನೋಡಿರುತ್ತೀರಿ. ಇದನ್ನು ತಪ್ಪಿಸಲು, ತೊಟ್ಟಿ ತುಂಬಿದೊಡನೆ ಸದ್ದು ಮಾಡುವ ಸಾಧನವನ್ನು ಪಾಲಿಟೆಕ್ನಿಕ್ ಮತ್ತು ಐ.ಟಿ.ಐ. ವಿದ್ಯಾರ್ಥಿಗಳು ಪ್ರಾಜೆಕ್ಟ್ ಆಗಿ ಮಾಡುವುದುಂಟು. ಆದರೆ ಮನೆಯಲ್ಲಿರುವವರಿಗೆ ಕಿವಿ ಕೇಳಿಸದಿದ್ದರೆ? ಸದ್ದಿನ ಬದಲು ದೀಪ ಜೋಡಿಸಿದರೆ ಕಣ್ಣು ಕಾಣದವರು ಏನು ಮಾಡಬೇಕು?

ಮೈಸೂರಿನ ಬೋಗಾದಿಯ ಸುತ್ತಮುತ್ತ ಈ ಪ್ರಶ್ನೆ ಹೊಸದಲ್ಲ. ಬೋಗಾದಿಗೆ ಹತ್ತಿರದ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಯೇ ಜೆ.ಎಸ್.ಎಸ್. ತಾಂತ್ರಿಕ ಸಂಸ್ಥೆಗಳ ಆವರಣದಲ್ಲಿ ವಿಕಲಚೇತನರಿಗಾಗಿಯೇ ನಡೆಯುವ ಪಾಲಿಟೆಕ್ನಿಕ್ ಇದೆ. ಶ್ರವಣದೋಷ, ದೃಷ್ಟಿದೋಷ ಮತ್ತು ಚಲನದೋಷ ಇರುವವರು ಅಲ್ಲಿ ಡಿಪ್ಲೊಮಾ ಓದುತ್ತಾರೆ. ತಾಂತ್ರಿಕ ಶಿಕ್ಷಣ ಇವರಿಗೆ ಸಾಧ್ಯವೇ ಎಂಬ ಸಂದೇಹಕ್ಕೆ ಇದೇ ಉತ್ತರ.

ಆದರೆ ಎಲ್ಲರಿಗೂ ಇಂಥ ವಿಶೇಷ ಸಂಸ್ಥೆ ಸಿಗುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 13.2 ಲಕ್ಷ ವಿಕಲಚೇತನರಿದ್ದರು. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸ್ಥಾನಗಳನ್ನು ಇಂಥವರಿಗೆ ಮೀಸಲಿಡಬೇಕೆಂದು 2016ರ ಕಾಯಿದೆ ಹೇಳುತ್ತದೆ. ಕಾಯಿದೆ ತರಗತಿಯಲ್ಲಿ ಜಾಗ ಕೊಡಿಸಬಲ್ಲದು. ಪ್ರಯೋಗಾಲಯದ ಮೇಜಿನ ಬಳಿ ಜಾಗ ಕೊಡುವವರು ಮಾತ್ರ ಅಧ್ಯಾಪಕರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಪ್ರಯೋಗದ ವೇಳೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ವಿದ್ಯಾರ್ಥಿ ಕಲಿತಂತಾಗಲಿಲ್ಲ.

ಮಂಡಲ ಹೇಗೆ?

ತೊಟ್ಟಿಯ ಎಚ್ಚರಿಕೆ ಸಾಧನವನ್ನೇ ತೆಗೆದುಕೊಳ್ಳೋಣ. ಬೇಕಾಗುವುದು 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, 9 ವೋಲ್ಟಿನ ಪುಟ್ಟ ಬಜರ್, 470 ಓಮ್ ಮತ್ತು 1 ಕಿಲೋಓಮ್ ರೋಧಕಗಳು, ಎರಡು ಸ್ಟೇನ್‌ಲೆಸ್ ಉಕ್ಕಿನ ತಂತಿಗಳು.

ಒಂದು ಉಕ್ಕಿನ ತಂತಿಯನ್ನು ಬ್ಯಾಟರಿಯ ಧನ ತುದಿಗೆ, ಇನ್ನೊಂದನ್ನು 1 ಕಿಲೋಓಮ್ ಮೂಲಕ ಟ್ರಾನ್ಸಿಸ್ಟರಿನ ಬೇಸ್‌ಗೆ ಜೋಡಿಸಿ. ಎಮಿಟರ್ ಋಣ ತುದಿಗೆ ಹೋಗುತ್ತದೆ. ಧನ ತುದಿ ಮತ್ತು ಕಲೆಕ್ಟರ್ ನಡುವೆ, 470 ಓಮ್ ರೋಧಕದೊಡನೆ ಎಲ್‌ಇಡಿ ಒಂದು ದಾರಿಯಲ್ಲಿ, ಬಜರ್ ಇನ್ನೊಂದು ದಾರಿಯಲ್ಲಿ ಇರಲಿ. ನಲ್ಲಿ ನೀರಿನಲ್ಲಿ ಲವಣಗಳು ಕರಗಿರುವುದರಿಂದ, ನೀರು ಎರಡೂ ತಂತಿಗಳನ್ನು ಮುಟ್ಟಿದಾಗ ಅಲ್ಪ ವಿದ್ಯುತ್ ಬೇಸ್‌ಗೆ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದನ್ನು ನೂರು ಪಟ್ಟಿಗೂ ಮೇಲೆ ವರ್ಧಿಸಬಲ್ಲದು. ಎಲ್‌ಇಡಿ ಸುಮಾರು 2 ವೋಲ್ಟ್ ಬಳಸುತ್ತದೆ. ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪೇರ್. ದೀಪ ಬೆಳಗಲು ಇಷ್ಟು ಸಾಕು. ಬಜರ್ ಅದೇ ಕ್ಷಣ ಸದ್ದು ಮಾಡುತ್ತದೆ. ಕಣ್ಣು, ಕಿವಿ ಎರಡೂ ಇಲ್ಲದವರಿಗಾಗಿ ಕಂಪಿಸುವ ಮೋಟಾರನ್ನೂ ಸೇರಿಸಬಹುದು. ಅದಕ್ಕೆ ಹೆಚ್ಚು ವಿದ್ಯುತ್ ಬೇಕಾದ್ದರಿಂದ ಬೇರೆ ಟ್ರಾನ್ಸಿಸ್ಟರ್ ಮತ್ತು ರಕ್ಷಣೆಗೆ ಒಂದು ಡಯೋಡ್ ಹಾಕಬೇಕು. ಈ ಪ್ರಯೋಗವನ್ನು ಬ್ಯಾಟರಿಯಿಂದ ಮಾತ್ರ ಮಾಡಿ, ಮನೆಯ ವಿದ್ಯುತ್ ಸಂಪರ್ಕದಿಂದ ಬೇಡ.

ಬೆರಳಿಗೂ ಓದು ಬರುತ್ತದೆ

ದೃಷ್ಟಿದೋಷವುಳ್ಳ ವಿದ್ಯಾರ್ಥಿ ಇದನ್ನು ಜೋಡಿಸಬಲ್ಲನೇ? ಬಿಡಿಭಾಗಗಳನ್ನು ಮುಟ್ಟಿ ನೋಡಿ. ಟ್ರಾನ್ಸಿಸ್ಟರಿನ ಒಂದು ಮುಖ ಚಪ್ಪಟೆ. ಕಾಲುಗಳು ಕೆಳಗೆ, ಚಪ್ಪಟೆ ಮುಖ ನಿಮ್ಮೆಡೆಗೆ ಇದ್ದರೆ, ಬಿಸಿ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಲ್‌ಇಡಿಯ ಉದ್ದನೆಯ ಕಾಲು ಧನ. ಬ್ರೆಡ್‌ಬೋರ್ಡಿನ ರಂಧ್ರಗಳು 2.54 ಮಿಲಿಮೀಟರ್ ಅಂತರದಲ್ಲಿ ಸಾಲಾಗಿರುವುದರಿಂದ ಬೆರಳಿನಿಂದ ಎಣಿಸಬಹುದು. ತೊಡಕಾಗುವುದು ರೋಧಕದ ಬಣ್ಣದ ಪಟ್ಟಿಗಳು ಮಾತ್ರ. ಬೇರೆ ಬೇರೆ ಬೆಲೆಯ ರೋಧಕಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಬ್ರೈಲ್ ಚೀಟಿ ಅಂಟಿಸಿದರೆ ಅದೂ ಪರಿಹಾರವಾಗುತ್ತದೆ. ಬಣ್ಣಗುರುಡು ಇರುವವರಿಗೂ, ಡಬ್ಬಿಗಳ ಸ್ಥಾನ ಗೊತ್ತಿದ್ದರೆ, ಇದು ಉಪಯುಕ್ತ.

ನೀವು ಅಧ್ಯಾಪಕರಾಗಿದ್ದರೆ ಇನ್ನು ಕೆಲವು ಅಂಶಗಳನ್ನು ಗಮನಿಸಿ. ಕಪ್ಪು ಹಲಗೆಯತ್ತ ತಿರುಗಿ ಮಾತನಾಡಬೇಡಿ. ತುಟಿಚಲನೆ ನೋಡಿ ಗ್ರಹಿಸುವವರಿಗೆ ಪಾಠವೇ ನಿಂತುಹೋಗುತ್ತದೆ. ಅಪಾಯದ ಸೂಚನೆಯನ್ನು ಕೂಗಿ ಹೇಳಿದರೆ ಸಾಲದು, ದೀಪವನ್ನೂ ಮಿನುಗಿಸಿ. ಗಾಲಿಕುರ್ಚಿಯ ಮೊಣಕಾಲು ಒಳಹೋಗುವಷ್ಟು ಜಾಗ ಮೇಜಿನ ಕೆಳಗಿರಲಿ. ಮುಖ್ಯವಾಗಿ, "ನೀನು ಇದನ್ನು ಹಿಡಿದುಕೊಂಡಿರು" ಎಂಬ ಕೆಲಸವನ್ನು ಯಾರಿಗೂ ಕಾಯಂ ಮಾಡಬೇಡಿ. ಜೋಡಣೆ, ಅಳತೆ, ದಾಖಲೆ, ಪರೀಕ್ಷೆ ಈ ನಾಲ್ಕು ಕೆಲಸಗಳು ತಂಡದಲ್ಲಿ ಸರದಿಯ ಪ್ರಕಾರ ತಿರುಗಲಿ.

ಪರೀಕ್ಷೆಯ ಹಂತದಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಜರಿನ ಸದ್ದು ಸಾಕೇ ಎಂದು ದೃಷ್ಟಿದೋಷವುಳ್ಳವರು, ದೀಪ ದೂರದಿಂದ ಕಾಣುತ್ತದೆಯೇ ಎಂದು ಶ್ರವಣದೋಷವುಳ್ಳವರು ಹೇಳಬೇಕು. ಇಲ್ಲಿ ಅವರು ಸಹಾಯ ಪಡೆಯುವವರಲ್ಲ, ತಂಡಕ್ಕೆ ಬೇಕಾದ ಪರಿಣತರು.

ಎಲ್ಲರೂ ಬಳಸಬಲ್ಲಂತೆ ಮೊದಲೇ ಯೋಚಿಸಿ ರೂಪಿಸುವುದಕ್ಕೆ ಸಾರ್ವತ್ರಿಕ ವಿನ್ಯಾಸ ಎಂದು ಹೆಸರು. ಈ ವಿಚಾರವನ್ನು ಪ್ರಚುರಪಡಿಸಿದ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿ ಬಳಸುತ್ತಿದ್ದವರು. ಇದರ ಲಾಭ ವಿಕಲಚೇತನರಿಗಷ್ಟೇ ಸೀಮಿತವಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಬಜರಿನ ಸದ್ದು ಯಾರಿಗೆ ತಾನೇ ಕೇಳಿಸುತ್ತದೆ? ಆಗ ನಿಮಗೂ ಆ ದೀಪವೇ ಬೇಕು.