ಖೋಟಾ ಭಯಕ್ಕೆ ಬಣ್ಣ ತೊಟ್ಟ ಬಿಲ್ಲೆಗಳು

ಆನ್‌ಲೈನಿನಲ್ಲಿ ‘ಕ್ಲೇ ಪೋಕರ್ ಚಿಪ್ಸ್’ ಅಂತ ಹುಡುಕಿ ನೋಡಿ. ಪೆಟ್ಟಿಗೆ ತುಂಬ ಬಣ್ಣಬಣ್ಣದ ಬಿಲ್ಲೆಗಳು ಸಿಗುತ್ತವೆ. ಬಹುತೇಕ ಪ್ಲಾಸ್ಟಿಕ್ಕು, ಒಳಗೆ ತೂಕಕ್ಕೊಂದು ಲೋಹದ ಚೂರು. ಮಣ್ಣು ಬರೀ ಹೆಸರಿಗೆ. ನನಗೆ ಇಸ್ಪೀಟಿನಲ್ಲಿ ಅಂಥ ಆಸಕ್ತಿಯೇನಿಲ್ಲ. ಆದರೆ ನಿಜವಾದ ಮಣ್ಣಿನ ಬಿಲ್ಲೆ ಮಾಡುತ್ತಿದ್ದ ಅಮೆರಿಕದ ಹಳೆಯ ಕಂಪನಿಗಳ ಕಥೆ ಓದಲು ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಅದು ಜೂಜಿನ ಕಥೆಗಿಂತ ಹೆಚ್ಚಾಗಿ ಖೋಟಾನೋಟಿನ ಕಥೆ.

19ನೇ ಶತಮಾನದ ಅಮೆರಿಕದಲ್ಲಿ ಪೋಕರ್ ಆಡುವವರು ನಾಣ್ಯ, ಚಿನ್ನದ ಪುಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಪಣಕ್ಕಿಡುತ್ತಿದ್ದರು. ಮೂಳೆ, ಮರ, ದಂತದ ಬಿಲ್ಲೆಗಳೂ ಇದ್ದವು. ದಂತದ್ದು ಚೆಂದ, ಆದರೆ ದುಬಾರಿ. 1880ರ ದಶಕದಿಂದ ಹಲವು ಕಂಪನಿಗಳು ಜೇಡಿಮಣ್ಣಿಗೆ ಅರಗು ಬೆರೆಸಿ ಅಚ್ಚಿನಲ್ಲಿ ಒತ್ತತೊಡಗಿದವು. ಅರಗು ಅಂದರೆ ಅದೇ, ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವಂಥದ್ದು. ಆ ಕಾಲಕ್ಕೆ ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದಲೇ.

ಈಗ ಯೋಚಿಸಿ. ಸಾದಾ ಕೆಂಪು ಬಿಲ್ಲೆ ಅಂಗಡಿಯಲ್ಲೇ ಸಿಗುವಾಗ, ಜೇಬಿನಲ್ಲಿ ನಾಲ್ಕು ತಂದು ಮೇಜಿನ ಮೇಲಿನ ಗುಡ್ಡೆಗೆ ಸೇರಿಸಿದರೆ ಹಿಡಿಯುವವರ್ಯಾರು? ಅದಕ್ಕೇ ಜೂಜುಮನೆಗಳಿಗೆ ತಮ್ಮದೇ ಗುರುತಿನ ಬಿಲ್ಲೆ ಬೇಕಾಯಿತು. 1930ರ ದಶಕದ ಕೊನೆಯ ಹೊತ್ತಿಗೆ ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದಿದ್ದವು. ಬೈಸಿಕಲ್ ಇಸ್ಪೀಟೆಲೆಯ ಸಿನ್ಸಿನಾಟಿ ಕಂಪನಿಯೂ ಬಿಲ್ಲೆ ಮಾಡುತ್ತಿತ್ತು.

1931ರಲ್ಲಿ ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧ ಮಾಡಿತು. ಕ್ಯಾಸಿನೊಗಳಲ್ಲಿ ಬಿಲ್ಲೆ ಅಂದರೆ ದುಡ್ಡೇ ಆದ್ದರಿಂದ ನಕಲು ಮಾಡಲು ಕಷ್ಟವಾಗುವಂಥದ್ದು ಬೇಕಿತ್ತು. ಅಂಚಿನಲ್ಲಿ ಕಾಣುವ ಬಣ್ಣದ ಪಟ್ಟಿಗಳಿವೆಯಲ್ಲ, ಅವು ಬಳಿದ ಬಣ್ಣವಲ್ಲ. ಅಲ್ಲಿನ ಮಣ್ಣನ್ನು ಕತ್ತರಿಸಿ ತೆಗೆದು, ಬೇರೆ ಬಣ್ಣದ ಮಣ್ಣನ್ನು ಕೂರಿಸುತ್ತಾರೆ. ನಡುವೆ ಕ್ಯಾಸಿನೊ ಹೆಸರಿನ ಚೀಟಿ ಇಟ್ಟು, ಕಾದ ಅಚ್ಚಿನಲ್ಲಿ ಭಾರೀ ಒತ್ತಡ ಹಾಕಿದರೆ ಎಲ್ಲ ಒಂದೇ ತುಂಡಾಗುತ್ತದೆ. ಹಾಗಾಗಿ ಎಷ್ಟು ಸವೆದರೂ ಪಟ್ಟಿ ಅಳಿಸಿಹೋಗುವುದಿಲ್ಲ. ಮಿಶ್ರಣದ ಪಾಕ ಮಾತ್ರ ಆಯಾ ಕಂಪನಿಯ ಗುಟ್ಟು, ನಮ್ಮ ಕಡೆ ಅಜ್ಜಿಯಂದಿರ ಸಾರಿನ ಪುಡಿಯ ಹಾಗೆ!

ಬಿಲ್ಲೆಯ ಸುತ್ತ ಒತ್ತಿದ ಚಿತ್ರದಿಂದಲೇ ತಯಾರಕರನ್ನು ಗುರುತಿಸುವವರಿದ್ದಾರೆ. ಕಿರೀಟವಿದ್ದರೆ ಲಾಸ್ ಏಂಜಲೀಸಿನ ಟಿ.ಆರ್. ಕಿಂಗ್. ಟೋಪಿ ಮತ್ತು ಊರುಗೋಲಾದರೆ ಪಾಲ್‌ಸನ್. ಪಾಲ್ ಎಂಡಿ 1963ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುಮಾಡಿದ ಕಂಪನಿ ಅದು. ಪೂರ್ವದ ಮೈನ್ ರಾಜ್ಯದಲ್ಲಿ ಬರ್ಟ್ ಇತ್ತು. ಅದು ಬಿಲ್ಲೆ ಮಾಡುವುದನ್ನು ಬಿಟ್ಟ ಮೇಲೆ ಇನ್ನೊಂದು ಕಂಪನಿ ಅದರ ಅಚ್ಚುಗಳಿಂದ ಕೆಲಸ ಮುಂದುವರಿಸಿತು. ಕಂಪನಿಗಿಂತ ಅಚ್ಚಿಗೇ ಆಯುಸ್ಸು ಹೆಚ್ಚು ಅನ್ನಿಸುತ್ತದೆ ನನಗೆ.

2002ರಲ್ಲಿ ಪಾಲ್‌ಸನ್, ಫ್ರಾನ್ಸಿನ ಬೂರ್ಗೋನ್ ಎ ಗ್ರಾಸೆ, ಬಡ್ ಜೋನ್ಸ್ ಮೂರೂ ಒಂದಾದವು. 2019ರಲ್ಲಿ ಜಪಾನಿನ ಏಂಜೆಲ್ ಅದನ್ನೂ ಕೊಂಡಿತು. ಪಾಲ್‌ಸನ್ ಹೊಸ ಬಿಲ್ಲೆಗಳನ್ನು ಕ್ಯಾಸಿನೊಗಳಿಗಷ್ಟೇ ಮಾರುತ್ತದೆ. ಕ್ಯಾಸಿನೊ ಮುಚ್ಚಿದರೆ ವಾಪಸ್ ಬಂದ ಬಿಲ್ಲೆಗಳನ್ನು ನಾಶಮಾಡಬೇಕು ಅನ್ನುತ್ತದೆ ನೆವಾಡಾದ ನಿಯಮ. ಯಾರದೋ ಡ್ರಾಯರಿನಲ್ಲಿ ಮರೆತು ಉಳಿದದ್ದಕ್ಕೆ ಅದಕ್ಕೇ ಅಷ್ಟು ಬೆಲೆ. ಇವನ್ನು ಸಂಗ್ರಹಿಸುವವರದ್ದೇ ಒಂದು ಸಂಘ 1988ರಿಂದ ಅಮೆರಿಕದಲ್ಲಿದೆ.

ಅಲ್ಲಿರುವ ನೆಂಟರು ಯಾರಾದರೂ ಇಂಥದ್ದನ್ನು ತಂದುಕೊಟ್ಟರೆ ಒಂದು ಮಾತು. ಹಳೆಯ ಪಾಲ್‌ಸನ್ ಬಿಲ್ಲೆಗಳಲ್ಲಿ ತೂಕಕ್ಕೆ ಸೀಸ ಬೆರೆಸುತ್ತಿದ್ದರು. ಶೋಕೇಸಿನಲ್ಲಿಡಿ, ಮಗುವಿನ ಕೈಗೆ ಮಾತ್ರ ಬೇಡ. ಮುಟ್ಟಿದ ಮೇಲೆ ನೀವೂ ಕೈ ತೊಳೆದುಕೊಳ್ಳಿ.