ಹಳೆಯ ಮೋಟಾರು ಗಾಡಿಗಳ ದುರಸ್ತಿಯೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಯ ಪುಟಗಳಲ್ಲಿ ಹೊಲಿಗೆ, ತೋಟಗಾರಿಕೆ, ಸಂಗೀತ ಮುಂತಾದ ಹವ್ಯಾಸಗಳ ವಿಷಯವಾದ ಬರಹಗಳನ್ನು ಓದಿ ರೂಢಿಯಾದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಈ ಲೇಖನದ ತಲೆಬರಹವನ್ನು ಕಂಡು ಆಶ್ಚರ್ಯಪಡಬಹುದು. ಗುಜರಿಗೆ ಹೋಗಬೇಕಾದ ಕಾರು ಲಾರಿಗಳನ್ನು ಬಿಚ್ಚಿ, ಉಜ್ಜಿ, ಪುನಃ ಜೋಡಿಸಿ ಓಡಿಸುವದರಲ್ಲಿ ಏನು ಸುಖವಿದೆ, ಇದ್ದರೂ ಅದು ಗಂಡಸರಿಗೆ ಸೇರಿದ್ದಲ್ಲವೆ ಎಂದು ಕೇಳುವವರೂ ಇರಬಹುದು. ಈ ಎರಡು ಪ್ರಶ್ನೆಗಳಿಗೂ ನನ್ನಿಂದಾದ ಮಟ್ಟಿಗೆ ಉತ್ತರ ಕೊಡುವದೇ ಈ ಲೇಖನದ ಉದ್ದೇಶ. ಎರಡನೆಯ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿರುವದರಿಂದ ಅದನ್ನು ಮೊದಲು ತೆಗೆದುಕೊಳ್ಳುವೆನು.

ಜರ್ಮನಿಯ ಕಾರ್ಲ್ ಬೆಂಜ್ ಎಂಬವರು 1886ರಲ್ಲಿ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಸರಕಾರದ ಸನ್ನದು ಪಡೆದರು. ಆದರೆ ಜನರು ಅದನ್ನು ಕೊಳ್ಳಲು ಮುಂದೆ ಬರಲಿಲ್ಲ. ಹೀಗಿರಲಾಗಿ 1888ನೆಯ ಆಗಸ್ಟ್ ತಿಂಗಳಲ್ಲಿ ಅವರ ಪತ್ನಿ ಬೆರ್ತಾ ಬೆಂಜ್, ಗಂಡನಿಗೆ ಮುಂದಾಗಿ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳನ್ನು ಕರಕೊಂಡು ಮಾನ್‌ಹೈಮ್ ಪಟ್ಟಣದಿಂದ ತನ್ನ ತವರೂರಾದ ಫೋರ್ಜ್‌ಹೈಮಿಗೆ ಆ ಗಾಡಿಯಲ್ಲಿ ಹೊರಟಳು. ದಾರಿಯು 60 ಮೈಲಿಗೂ ಮಿಕ್ಕಿದ್ದು. ನಡುವೆ ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಾಗ ಆಕೆ ತನ್ನ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ವಿದ್ಯುತ್ತಿನ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಅದನ್ನು ಕೊಂಡಳು. ತಡೆಯ ಕಟ್ಟಿಗೆ ಸವೆದುಹೋದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡಿಸಿದಳು. ಮೋಟಾರು ಗಾಡಿಯ ಮೊದಲನೆಯ ದೂರಪ್ರಯಾಣವೂ ದಾರಿಯಲ್ಲಿ ಆದ ಅದರ ಮೊದಲನೆಯ ದುರಸ್ತಿಗಳೂ ಒಬ್ಬ ತಾಯಿಯ ಕೈಯಿಂದ ಆದವೆಂಬದನ್ನು ನಮ್ಮ ಹುಡುಗಿಯರು ಮರೆಯಬಾರದು.

ಇದು ಒಂಟಿ ಉದಾಹರಣೆಯಲ್ಲ. 1909ರಲ್ಲಿ 22 ವರ್ಷದ ಆಲಿಸ್ ರ್‍ಯಾಮ್ಸೆ ಎಂಬ ಅಮೇರಿಕದ ಸ್ತ್ರೀಯು ಮೂವರು ಗೆಳತಿಯರನ್ನು ಕೂಡಿಸಿಕೊಂಡು ನ್ಯೂಯಾರ್ಕಿನಿಂದ ಸಾನ್‌ಫ್ರಾನ್ಸಿಸ್ಕೊ ತನಕ 3,800 ಮೈಲುಗಳನ್ನು 59 ದಿನಗಳಲ್ಲಿ ಕ್ರಮಿಸಿದಳು. ಆ ಮೂವರಲ್ಲಿ ಯಾರಿಗೂ ಗಾಡಿ ಓಡಿಸಲು ಬಾರದು. ಆಲಿಸಳು ದಾರಿಯಲ್ಲಿ 11 ಸಾರಿ ಟಯರು ಬದಲಾಯಿಸಿದಳು. ಮುಂದೆ ಇಂಗ್ಲೆಂಡಿನ ರಾಣಿಯಾದ ಎಲಿಜಬೆತರು 1945ರಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಸ್ತ್ರೀಯರ ಸೇನಾದಳಕ್ಕೆ ಸೇರಿ ಲಾರಿ ಓಡಿಸುವದನ್ನೂ ಇಂಜಿನು ದುರಸ್ತಿಯನ್ನೂ ಕಲಿತರು. ರಾಜಕುಮಾರಿಯ ಕೈಗೆ ಹೊಲ್ಲದ ಗ್ರೀಸು ನಮ್ಮ ಕೈಗೆ ಹೊಲ್ಲದೆಂದು ಹೇಳಲಾಗದಷ್ಟೆ.

ಇನ್ನು ಮೊದಲನೆಯ ಪ್ರಶ್ನೆ: ಇದರಲ್ಲಿ ಏನು ಸುಖ? ಹಳೆಯ ವಾಹನಗಳ ಮೇಲಿನ ಪ್ರೀತಿ ಬಹು ದೇಶಗಳಲ್ಲಿ ಹಬ್ಬಿದೆ. 1896ರಲ್ಲಿ ಮೋಟಾರು ಗಾಡಿಗಳ ಮೇಲಿನ ವೇಗದ ನಿರ್ಬಂಧವು ಸಡಿಲವಾದ ಸಂತೋಷಕ್ಕೆ ಲಂಡನ್ನಿನಿಂದ ಬ್ರೈಟನ್ನಿಗೆ ನಡೆದ ಯಾತ್ರೆಯನ್ನು 1927ರಲ್ಲಿ ಪುನಃ ಆರಂಭಿಸಿದರು. 1905ಕ್ಕಿಂತ ಮುಂಚೆ ತಯಾರಾದ ಗಾಡಿಗಳು ಅದರಲ್ಲಿ ಸೇರುತ್ತವೆ. ನಮ್ಮ ದೇಶದಲ್ಲಿ ದಿಲ್ಲಿಯ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿ ಹಳೆಯ ಕಾರುಗಳ ಮೆರವಣಿಗೆಯನ್ನು ಪ್ರಾರಂಭಿಸಿದರು. ನಮ್ಮ ಕನ್ನಡ ನಾಡಿನಲ್ಲಿ ಧರ್ಮಸ್ಥಳದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪದ 'ಪಯಣ' ಸಂಗ್ರಹಾಲಯದಲ್ಲಿಯೂ ಇಂಥ ವಾಹನಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಶಾಲೆಯ ಪ್ರವಾಸಕ್ಕೆ ಇವು ಯೋಗ್ಯವಾದ ಸ್ಥಳಗಳು.

ಆದರೆ ಈ ಹವ್ಯಾಸವು ರಾಜಮಹಾರಾಜರ ಗಾಡಿಗಳಿಗೆ ಮಾತ್ರ ಸಲ್ಲುವದೆಂದು ತಿಳಿಯಬೇಡಿರಿ. 1950ರ ದಶಕದ ಕೊನೆಯಿಂದ 2014ರ ತನಕ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಕಾರು, ಮುಂಬಯಿಯ ಫಿಯಟ್, ಮಹೀಂದ್ರರ ಜೀಪು, 1954ರಿಂದ ಜಮ್ಶೇಡ್‌ಪುರದಲ್ಲಿ ತಯಾರಾದ ಟಾಟಾ ಮರ್ಸಿಡಿಸ್ ಲಾರಿ, ಇವೆಲ್ಲ ನಮ್ಮ ಮನೆಯಂಗಳಗಳನ್ನೂ ಘಟ್ಟದ ರಸ್ತೆಗಳನ್ನೂ ಕಂಡ ವಾಹನಗಳು. ನಮ್ಮಲ್ಲಿ ಅನೇಕರು ಮದುವೆಗೂ ಹೆರಿಗೆಗೂ ಇಂಥ ಕಾರಿನಲ್ಲಿಯೇ ಹೋದವರು.

ಇಂಥ ಗಾಡಿಗಳಲ್ಲಿ ಮನುಷ್ಯನ ಕಣ್ಣಿಗೂ ಕೈಗೂ ನಿಲುಕದ ಭಾಗಗಳು ಕಡಿಮೆ. ಈಗಿನ ಕಾರುಗಳಲ್ಲಿ ಬಹು ಕೆಲಸಗಳನ್ನು ಮುಚ್ಚಿದ ಪೆಟ್ಟಿಗೆಯೊಳಗಿನ ಗಣಕವು ನಡಿಸುತ್ತದೆ. ಅದು ಕೆಟ್ಟರೆ ಪೆಟ್ಟಿಗೆಯನ್ನೇ ಬದಲಾಯಿಸುತ್ತಾರೆ. ಹಳೆಯ ಕಾರಿನ ಮುಚ್ಚಳ ತೆಗೆದರೆ ಪ್ರತಿಯೊಂದು ಭಾಗವೂ ತಾನು ಮಾಡುವ ಕೆಲಸವನ್ನು ತಾನೇ ತೋರಿಸುತ್ತದೆ. 1908ರಿಂದ 1927ರ ತನಕ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಫೋರ್ಡ್ 'ಟಿ' ಗಾಡಿಯನ್ನು ಅಮೇರಿಕದ ರೈತರು ತಮ್ಮ ಕೊಟ್ಟಿಗೆಯಲ್ಲಿಯೇ ರಿಪೇರಿ ಮಾಡಿಕೊಳ್ಳುತ್ತಿದ್ದದ್ದು ಇದೇ ಕಾರಣದಿಂದ.

ಪೆಟ್ರೋಲಿನ ಇಂಜಿನು ನಡೆಯಬೇಕಾದರೆ ನಾಲ್ಕು ಸಂಗತಿಗಳು ಬೇಕು: ಪೆಟ್ರೋಲು, ಗಾಳಿ, ಒತ್ತಡ, ಕಿಡಿ. ಪಿಸ್ಟನ್ನು ಕೆಳಗಿಳಿಯುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಸಿಲಿಂಡರಿನೊಳಗೆ ಹೀರುವದು. ಮೇಲಕ್ಕೆ ಬರುವಾಗ ಅದನ್ನು ಒತ್ತುವದು. ಆಗ ಪ್ಲಗ್ಗಿನಲ್ಲಿ ಕಿಡಿ ಹಾರಿ ಗಾಳಿಯು ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ದೂಡುವದು. ಕೊನೆಗೆ ಪಿಸ್ಟನ್ನು ಪುನಃ ಏರಿ ಹೊಗೆಯನ್ನು ಹೊರಗೆ ಕಳುಹಿಸುವದು. ಇಂಜಿನು ಹೊರಡದೆ ಹೋದರೆ ಈ ನಾಲ್ಕರಲ್ಲಿ ಒಂದಾದರೂ ಇಲ್ಲವೆಂದು ಅರ್ಥ. ಆದಕಾರಣ ದುರಸ್ತಿಯೆಂಬದು ಊಹೆಯ ಕೆಲಸವಲ್ಲ, ವಿಚಾರಣೆಯ ಕೆಲಸ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದು ಒದ್ದೆಯಾಗಿದೆಯೇ, ಒಣಗಿದೆಯೇ, ಮಸಿ ಹಿಡಿದಿದೆಯೇ ಎಂಬದರಿಂದಲೇ ಅರ್ಧ ಸಂಗತಿ ತಿಳಿಯುತ್ತದೆ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಕಿಡಿಯನ್ನು ಹುಡುಕಬೇಕು. ಬೀಜಗಣಿತದ ಲೆಕ್ಕದಲ್ಲಿ ತಿಳಿದದ್ದರಿಂದ ತಿಳಿಯದ್ದನ್ನು ಕಂಡುಕೊಳ್ಳುವ ಹಾಗೆಯೇ ಇದು.

ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತ ಗಾಡಿಯನ್ನು ಎಬ್ಬಿಸುವದಕ್ಕೆ ಒಂದು ಕ್ರಮವಿದೆ. ಆತುರದಿಂದ ಬ್ಯಾಟರಿ ಕೂಡಿಸಿ ಇಂಜಿನು ತಿರುಗಿಸಬಾರದು; ತುಕ್ಕು ಹಿಡಿದು ಅಂಟಿಕೊಂಡ ಪಿಸ್ಟನ್ನುಗಳು ಮುರಿದಾವು. ಮೊದಲು ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು. ಆ ಬಳಿಕ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಇಂಜಿನಿನ ಹಳೆಯ ಎಣ್ಣೆಯನ್ನೂ ಕೊಳೆತ ಪೆಟ್ರೋಲನ್ನೂ ಹೊರಗೆ ಬಿಡಬೇಕು. ಟ್ಯಾಂಕನ್ನೂ ಕಾರ್ಬುರೇಟರನ್ನೂ ತೊಳೆಯಬೇಕು. ತಂತಿಗಳನ್ನು ಇಲಿ ಕಡಿದಿದೆಯೇ ಎಂದು ಉದ್ದಕ್ಕೂ ಪರೀಕ್ಷಿಸಬೇಕು. ಮಳೆ ಹೆಚ್ಚಾದ ನಮ್ಮ ಕರಾವಳಿಯಲ್ಲಿ ಬಾಗಿಲುಗಳ ತಳದಲ್ಲಿಯೂ ಕಾಲಿಡುವ ತಗಡಿನಲ್ಲಿಯೂ ತುಕ್ಕು ಒಳಗಿಂದೊಳಗೆ ತಿಂದಿರುತ್ತದೆ. ಮೇಲಿನ ಬಣ್ಣದ ಹೊಳಪನ್ನು ನಂಬಬಾರದು. ಇಂಜಿನಿಗಿಂತ ಮೊದಲು ಬ್ರೇಕನ್ನು ಸರಿಪಡಿಸುವದು ಜಾಣರ ಲಕ್ಷಣ. ಹೊರಡದ ಗಾಡಿಯಿಂದ ಯಾರಿಗೂ ಕೇಡಿಲ್ಲ. ನಿಲ್ಲದ ಗಾಡಿಯಿಂದ ಪ್ರಾಣಹಾನಿ.

ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸುವದು, ಬಿಚ್ಚುವದಕ್ಕೆ ಮುಂಚೆ ಚಿತ್ರ ಬರೆದುಕೊಳ್ಳುವದು, ದಿನದ ಕೆಲಸವನ್ನು ಪುಸ್ತಕದಲ್ಲಿ ಗುರುತಿಸುವದು, ಇವು ತಪ್ಪಬಾರದ ನಿಯಮಗಳು. ವಿಜ್ಞಾನದ ಪ್ರಯೋಗ ಪುಸ್ತಕವನ್ನೂ ಕಸೂತಿಯ ನಮೂನೆಗಳನ್ನೂ ಅಚ್ಚುಕಟ್ಟಾಗಿ ಇಟ್ಟ ಹುಡುಗಿಗೆ ಇದು ಹೊಸ ಪಾಠವಲ್ಲ. ಅಂಬಾಸಿಡರಿನ 1489 ಸಿ.ಸಿ. ಇಂಜಿನಿನಲ್ಲಿ ಕಿಡಿಯನ್ನು ಹೊತ್ತಿಗೆ ಸರಿಯಾಗಿ ಕೊಡುವ 'ಪಾಯಿಂಟು'ಗಳ ನಡುವಣ ಅಂತರವು 0.015 ಅಂಗುಲ, ಪ್ಲಗ್ಗಿನ ತುದಿಯ ಅಂತರವು 0.025 ಅಂಗುಲ. ತೆಳುವಾದ ಉಕ್ಕಿನ ಪಟ್ಟಿಗಳಿಂದ ಇವನ್ನು ಅಳೆಯುತ್ತಾರೆ. ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ಬೆರಳಿನ ಸೂಕ್ಷ್ಮವು ಬೇಕು. ಸೂಜಿಗೆ ದಾರ ಪೋಣಿಸಿದ ಬೆರಳಿಗೆ ಅದು ಇದ್ದೇ ಇದೆ.

ಅಪಾಯಗಳನ್ನು ಹೇಳದೆ ಬಿಟ್ಟರೆ ಪಾಲಕರಿಗೆ ನ್ಯಾಯವಾಗಲಾರದು. ಜಾಕನ್ನೊಂದನ್ನೇ ನಂಬಿ ಗಾಡಿಯ ಅಡಿಗೆ ಎಂದಿಗೂ ಹೋಗಬಾರದು. ಗಟ್ಟಿಯಾದ ಊರೆಗಳನ್ನು ಕೊಡಲೇಬೇಕು. ಮುಚ್ಚಿದ ಷೆಡ್ಡಿನಲ್ಲಿ ಇಂಜಿನು ನಡೆಸಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷವಾಯು ತುಂಬಿ ಪ್ರಾಣ ತೆಗೆಯುತ್ತದೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಬ್ಯಾಟರಿ ಬಿಚ್ಚುವಾಗ ಗಾಡಿಯ ಮೈಗೆ ಕೂಡಿಸಿದ ತಂತಿಯನ್ನು ಮೊದಲು ತೆಗೆದು, ಕೂಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದದ್ದರಿಂದ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಸೀರೆಯ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು, ಬಳೆ, ಉಂಗುರ, ಇವು ತಿರುಗುವ ಯಂತ್ರದ ಹತ್ತಿರ ಸಲ್ಲವು.

ಪೆಟ್ರೋಲಿನ ವಿಷಯದಲ್ಲಿಯೂ ಎಚ್ಚರ ಬೇಕು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವದು ರೂಢಿಗೆ ಬಂತು. ಅದು ಗಾಳಿಯ ತೇವವನ್ನು ಹೀರುತ್ತದೆ; ಹಳೆಯ ಕಾಲದ ರಬ್ಬರಿನ ಕೊಳವೆಗಳನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಆದಕಾರಣ ಅವನ್ನು ತಾಳುವಂಥ ಹೊಸ ಕೊಳವೆಗಳನ್ನು ಹಾಕಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವದಕ್ಕೆ ಮುಂಚೆ ಟ್ಯಾಂಕನ್ನು ಬರಿದು ಮಾಡುವದು ಒಳ್ಳೆಯದು. ಕಾನೂನನ್ನೂ ತಿಳಿದಿರಬೇಕು. 2021ರ ನಿಯಮಗಳ ಪ್ರಕಾರ 50 ವರ್ಷಕ್ಕಿಂತ ಹಳೆಯದಾಗಿ, ತನ್ನ ಮೂಲರೂಪವನ್ನು ಉಳಿಸಿಕೊಂಡ ಎರಡು ಅಥವಾ ನಾಲ್ಕು ಚಕ್ರದ ಗಾಡಿಯನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೂ ಮೆರವಣಿಗೆಗೂ ದುರಸ್ತಿಗೂ ತರಬಹುದಲ್ಲದೆ ದಿನದ ಸಂಚಾರಕ್ಕಾಗಲಿ ಬಾಡಿಗೆಗಾಗಲಿ ಓಡಿಸಲಾಗದು.

ಈ ಹವ್ಯಾಸದಿಂದ ಉಳಿಯುವಂಥಾದ್ದು ಬರೇ ಕಬ್ಬಿಣವಲ್ಲ ಎಂಬದಕ್ಕೆ ಒಂದು ಸಂಗತಿಯನ್ನು ಹೇಳುವೆನು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ತೀರಿಕೊಂಡ ಮೇಲೆ ಅವರ ಕಾರು ಮನೆಯ ಹಿಂದಣ ಷೆಡ್ಡಿನಲ್ಲಿ ನಿಂತಿತ್ತು. ಗುಜರಿಯವನು ಬೆಲೆ ಕಟ್ಟಿ ಹೋಗಿದ್ದನು. ಕೊಡಲು ಮನಸ್ಸು ಬಾರದೆ ಆಕೆ ತಂದೆಯವರ ಕಾಲದಿಂದ ಆ ಕಾರನ್ನು ನೋಡಿಕೊಂಡಿದ್ದ ಮುದಿ ಮೇಸ್ತ್ರಿಯವರ ಬಳಿಗೆ ಹೋದಳು. ಎಪ್ಪತ್ತು ದಾಟಿದ ಅವರಿಗೆ ಕಣ್ಣು ಮಂಜಾಗಿತ್ತು. ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗಿದ್ದರು. ಕೆಲಸ ಕಲಿಯಲು ಯಾವ ಹುಡುಗನೂ ಬರುತ್ತಿರಲಿಲ್ಲ. "ನನ್ನ ಕೈಯಿಂದ ಇನ್ನು ಆಗದಮ್ಮ, ನಾನು ಹೇಳುತ್ತೇನೆ, ನೀವೇ ಮಾಡಿ" ಎಂದರು. ಎರಡು ವರ್ಷಗಳ ಶನಿವಾರಗಳಲ್ಲಿ ಅವರು ಸ್ಟೂಲಿನ ಮೇಲೆ ಕುಳಿತು ಹೇಳಿದರು, ಆಕೆಯೂ ಆಕೆಯ ಮಗಳೂ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನಿಗೆ ತಾಗಿಸಿ ಅದರ ಹಿಡಿಗೆ ಕಿವಿಯಿಟ್ಟು ಒಳಗಿನ ಶಬ್ದವನ್ನು ಗುರುತಿಸುವದನ್ನು ಆ ಹುಡುಗಿ ಅವರಿಂದ ಕಲಿತಳು. ಇದನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕಾರು ನಡೆಯಿತು, ಮರು ಮಳೆಗಾಲದಲ್ಲಿ ಮೇಸ್ತ್ರಿಯವರು ತೀರಿಕೊಂಡರು. ಅವರ ವಿದ್ಯೆ ಅವರೊಡನೆ ಮಣ್ಣುಗೂಡದೆ ಒಬ್ಬ ಹುಡುಗಿಯ ಕೈಯಲ್ಲಿ ಉಳಿಯಿತು. ತನಗೆ ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ಬಲ್ಲವರು ಇದರ ಅರ್ಥವನ್ನೂ ಬಲ್ಲರು.

ಈ ಹವ್ಯಾಸಕ್ಕೆ ಖರ್ಚುಂಟು. ಬಿಡಿಭಾಗಗಳಿಗಾಗಿ ಅಲೆದಾಟವೂ ಉಂಟು. ಹಳೆಯ ಇಂಜಿನು ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುವದೂ ನಿಜ. ನೆರೆಯವರಿಗೆ ತೋರಿಸಿಕೊಳ್ಳುವ ಬಡಿವಾರಕ್ಕೆ ಸಾಲ ಮಾಡಿ ಕಾರು ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಮನೆಯಲ್ಲಿ ಈಗಾಗಲೇ ಹಳೆಯ ಕಾರೋ ಜೀಪೋ ಸ್ಕೂಟರೋ ನಿಂತಿದ್ದರೆ, ಅದನ್ನು ಮಾರುವದಕ್ಕೆ ಮುಂಚೆ ಒಂದು ರಜೆಯ ಕಾಲ ಮಗಳ ಕೈಗೆ ಕೊಟ್ಟು ನೋಡಬಾರದೆ? ಒಳ್ಳೆಯ ಮೇಸ್ತ್ರಿಯೊಬ್ಬರ ಬಳಿಯಲ್ಲಿ ತಂದೆಯೋ ತಾಯಿಯೋ ಜೊತೆಗಿದ್ದು ಪ್ಲಗ್ಗು ಒರಸುವದರಿಂದ ಆರಂಭಿಸಲಿ. ಗಂಡುಮಗನಾದರೆ ಸ್ಪಾನರು ಕೊಡುವದು, ಹೆಣ್ಣುಮಗಳಾದರೆ "ಕೈ ಕೊಳೆಯಾದೀತು, ಒಳಗೆ ಹೋಗು" ಅನ್ನುವದು ನಮ್ಮ ಮನೆಗಳಿಂದ ತೊಲಗಲಿ. ಕೊಳೆಯಾದ ಕೈಯನ್ನು ಸಾಬೂನು ಹಚ್ಚಿ ತೊಳೆಯಬಹುದು. ಕಲಿಯದೆ ಕಳೆದ ಕಾಲವನ್ನು ಮರಳಿ ತರಲಾಗದು.

ಕೆಟ್ಟದ್ದನ್ನು ಬಿಸಾಡುವದಕ್ಕೆ ಮುಂಚೆ ಅದು ಯಾಕೆ ಕೆಟ್ಟಿತೆಂದು ವಿಚಾರಿಸುವ ಬುದ್ಧಿಯೂ, ಒಂದು ಸಾರಿ ಆಗದಿದ್ದರೆ ಇನ್ನೊಂದು ಸಾರಿ ನೋಡುವ ತಾಳ್ಮೆಯೂ ನಮ್ಮ ಹುಡುಗಿಯರಲ್ಲಿ ಬೆಳೆಯಲಿ. ಯಂತ್ರದಲ್ಲಿ ಕಲಿತ ಈ ಗುಣಗಳು ಮನೆಯಲ್ಲಿಯೂ ಊರಿನಲ್ಲಿಯೂ ಉಪಯೋಗಕ್ಕೆ ಬರುವವು ಎಂಬ ಭರವಸದಿಂದ ಈ ಲೇಖನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಒಪ್ಪಿಸುತ್ತೇನೆ.