ಚಿತ್ರಮಾಲಾದಲ್ಲಿ ನಮ್ಮ ಸರದಿ

ದೂರದರ್ಶನದ ಹಳೆಯ ಹಾಡಿನ ಕಾರ್ಯಕ್ರಮ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಚಿತ್ರಹಾರ್. ಮದುವೆಯಾಗಿ ಕೋಲ್ಕತ್ತದ ಲೇಕ್ ಮಾರ್ಕೆಟ್‌ನಲ್ಲಿ ಸಂಸಾರ ಹೂಡಿದ್ದ ನನಗೆ ಮಾತ್ರ ಚಿತ್ರಮಾಲಾ ಮೇಲೇ ಪ್ರೀತಿ. ಚಿತ್ರಹಾರ್‌ನಲ್ಲಿ ಬರೀ ಹಿಂದಿ. ಚಿತ್ರಮಾಲಾದಲ್ಲಿ ತಮಿಳು, ಅಸ್ಸಾಮಿ, ಮರಾಠಿ ಹೀಗೆ ಒಂದಾದ ಮೇಲೊಂದು ಭಾಷೆಯ ಸಿನಿಮಾ ಹಾಡು ಬರುತ್ತಿತ್ತು. ನಡುವೆ ಎಲ್ಲೋ ಒಂದು ಕನ್ನಡದ್ದು. ಕೆಲವು ಸಲ ಅದೂ ಇಲ್ಲ.

ಆಗ ತಾರಸಿಯ ಆಂಟೆನಾಕ್ಕೆ ಸಿಗುತ್ತಿದ್ದುದು ಹತ್ತಿರದ ಟ್ರಾನ್ಸ್‌ಮಿಟರ್ ಒಂದೇ. ಕೋಲ್ಕತ್ತ ಕೇಂದ್ರ 1975ರ ಆಗಸ್ಟ್ 9ರಂದು ಟಾಲಿಗಂಜ್‌ನ ರಾಧಾ ಸ್ಟುಡಿಯೋದಲ್ಲಿ ಶುರುವಾದದ್ದು. ಸಂಜೆ ಬಂಗಾಳಿ, 1982ರಿಂದ ಎಲ್ಲ ಊರಿಗೂ ಒಂದೇ ಆದ ರಾಷ್ಟ್ರೀಯ ಪ್ರಸಾರ ರಾತ್ರಿ. ಬೆಂಗಳೂರು ಕೇಂದ್ರದ ಚಿತ್ರಮಂಜರಿಯ ಸೊಗಸನ್ನು ತಂಗಿ ಕಾಗದದಲ್ಲಿ ಬರೆಯುತ್ತಿದ್ದಳು. ನಮಗೆ ಅದು ಕಾಣುವ ದಾರಿಯೇ ಇರಲಿಲ್ಲ.

ರಾಸ್‌ಬಿಹಾರಿ ಅವೆನ್ಯೂ ಬದಿಯ ನಮ್ಮ ಲೇಕ್ ಮಾರ್ಕೆಟ್ ದಕ್ಷಿಣದವರ ಬೀಡು. ಬಾಳೆಲೆ, ಕರಿಬೇವು, ಹೂವಿನ ದಂಡೆ, ಕಣ್ಣೆದುರೇ ಪುಡಿ ಮಾಡಿಕೊಡುವ ಕಾಫಿ ಬೀಜ, ಕೋಮಲ ವಿಲಾಸದ ಇಡ್ಲಿ ಎಲ್ಲ ಅಲ್ಲಿತ್ತು. ತಮಿಳರೇ ಹೆಚ್ಚು, ಕನ್ನಡದ ಮನೆಗಳು ಕೆಲವೇ. ಚಿತ್ರಮಾಲಾ ದಿನ ಕೆಳಗಿನ ಮನೆಯ ಮಾಶಿಮಾ, ಎದುರು ಮನೆಯ ಪಾಲಕ್ಕಾಡಿನ ಮಾಮಿ ನಮ್ಮ ಕಪ್ಪು-ಬಿಳುಪು ಟಿವಿ ಮುಂದೆ ಹಾಜರು. ಲೋಡ್‌ಶೆಡಿಂಗ್ ಆಗದಿರಲಿ ಎಂದು ಮೂವರ ಹರಕೆಯೂ ಒಂದೇ.

ಒಮ್ಮೆ ‘ಹಾಲು ಜೇನು’ ಚಿತ್ರದ ಹಾಡು ಬಂತು. ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದೇ ಓಡಿ ಬಂದೆ. ಮಾಶಿಮಾ ಕನ್ನಡಕ ಸರಿಮಾಡಿಕೊಂಡು, “ದನಿ ಯಾರದು, ಬೌಮಾ?” ಎಂದರು. ನಾಯಕನದೇ ಎಂದರೆ ನಂಬಲೊಲ್ಲರು. ಮೊದಲೆಲ್ಲ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು, 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ರಾಜ್‌ಕುಮಾರ್ ತಾವೇ ಹಾಡತೊಡಗಿದರು ಎಂದು ನನ್ನ ಹರುಕು ಬಂಗಾಳಿಯಲ್ಲಿ ಹೇಳಿದೆ. “ಹಾಗಾದರೆ ನಮ್ಮ ಕಿಶೋರನ ಹಾಗೆ!” ಎಂದು ಅವರು ಮಾಮಿಯ ತೊಡೆ ತಟ್ಟಿದರು. ಮುಂದಿನ ವಾರದಿಂದ ನನಗಿಂತ ಮೊದಲು ರಾಜ್‌ಕುಮಾರರನ್ನು ಹುಡುಕುತ್ತಿದ್ದವರು ಅವರೇ.

ನಮ್ಮ ಹಾಡಿಗೆ ಕಾಯುತ್ತ ಕೂತು ಎಷ್ಟೊಂದು ಕೇಳಿಸಿಕೊಂಡೆವು! ಮಲಯಾಳದ ಜೇಸುದಾಸ್, ಅಸ್ಸಾಮಿನ ಭೂಪೇನ್ ಹಜಾರಿಕಾ ನನ್ನ ಮನೆಗೆ ಬಂದದ್ದು ಹೀಗೇ. ಬೇಕಾದ್ದನ್ನೇ ಹುಡುಕಿ ಕೇಳುವ ಈಗಿನ ಮೊಬೈಲಿನಲ್ಲಿ ಅವರು ನನಗೆ ಸಿಗುತ್ತಿರಲಿಲ್ಲ.

ಆಮೇಲೆ ಕೇಬಲ್ ಬಂತು. 1993ರಲ್ಲಿ ಅನ್ನು ಕಪೂರರ ಅಂತ್ಯಾಕ್ಷರಿ, 1995ರಲ್ಲಿ ಸೋನು ನಿಗಮ್ ನಡೆಸಿದ ಸಾ ರೆ ಗ ಮ. ಚೆನ್ನಾಗಿದ್ದವು, ಆದರೆ ಮತ್ತೆ ಹಿಂದಿಯೇ. ಮೈಸೂರಿಗೆ ಮರಳಿದ ಮೇಲೆ ಈಟಿವಿಯ ‘ಎದೆ ತುಂಬಿ ಹಾಡುವೆನು’ ನನ್ನನ್ನು ಹಿಡಿದು ಕೂರಿಸಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಗುವಿನ ಹಾಡು ಮುಗಿದ ಮೇಲೆ ಅದನ್ನು ಬರೆದವರು, ರಾಗ ಹಾಕಿದವರು, ರೆಕಾರ್ಡಿಂಗ್ ದಿನದ ಪ್ರಸಂಗ ಎಲ್ಲ ಹೇಳುತ್ತಿದ್ದರು. ಉಚ್ಚಾರ ತಪ್ಪಿದರೆ ತಾವೇ ಹಾಡಿ ತಿದ್ದುತ್ತಿದ್ದರು. ಹಾಡಿನ ಕಾರ್ಯಕ್ರಮಕ್ಕೆ ಬೇಕಾದ್ದು ಆ ಅಕ್ಕರೆ. ಇಂದಿನ ಶೋಗಳಲ್ಲಿ ಅದರ ಜಾಗವನ್ನು ಕಣ್ಣೀರು ಹಿಡಿದುಕೊಂಡಿದೆ.

ಚಂದನದವರಲ್ಲಿ ನನ್ನದೊಂದು ಕೋರಿಕೆ. ತುಳು, ಕೊಡವ, ಕೊಂಕಣಿ, ಬ್ಯಾರಿ ಚಿತ್ರಗಳ ಹಾಡುಗಳನ್ನು ಕನ್ನಡದ ಜೊತೆ ಪೋಣಿಸಿ, ಚಿತ್ರಮಾಲಾ ಹಾಗೆ ವಾರಕ್ಕೆ ಅರ್ಧ ಗಂಟೆ ಕೊಡಿ. ಬರೆದವರ, ಹಾಡಿದವರ ಹೆಸರು ಓದುವಷ್ಟು ಹೊತ್ತು ಪರದೆಯ ಮೇಲಿರಲಿ.